ಎರಡು ಕ್ಯಾಮೆರಾದಿಂದ ಸ್ಟ್ರೇನ್ ಅಳೆಯುವುದು: ಪೇಂಟ್ ಬಳಿಯುವುದರಿಂದ ನಕ್ಷೆ ನಂಬುವವರೆಗೆ

ವಸ್ತುವಿನ ಮೇಲೆ ಚುಕ್ಕೆ ಹಾಕಿ, ಎರಡು ಕ್ಯಾಮೆರಾದಿಂದ ಚಿತ್ರ ತೆಗೆದು, ಚುಕ್ಕೆಗಳು ಸರಿದದ್ದನ್ನು ನೋಡಿ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿದೆ ಎಂಬ ಅನುಪಾತ) ಲೆಕ್ಕ ಹಾಕುವ ವಿಧಾನವೇ ಸ್ಟೀರಿಯೋ ಡಿಐಸಿ (ಡಿಜಿಟಲ್ ಇಮೇಜ್ ಕೋರಿಲೇಶನ್). ಇದನ್ನು ಮಾಡಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸಾಫ್ಟ್‌ವೇರ್ ಕಲಿಯಲು ವಾರಗಟ್ಟಲೆ ಕೂರುತ್ತಾರೆ, ಆದರೆ ಪೇಂಟ್, ಲೆನ್ಸ್, ಕ್ಯಾಲಿಬ್ರೇಶನ್ (ಕ್ಯಾಮೆರಾಗಳ ಸ್ಥಾನ, ಲೆನ್ಸ್‌ನ ಗುಣ ಸಾಫ್ಟ್‌ವೇರ್‌ಗೆ ತಿಳಿಸಿಕೊಡುವುದು) ಇವುಗಳನ್ನು ಪರೀಕ್ಷೆಯ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಆಮೇಲೆ ಬರುವ ಸ್ಟ್ರೇನ್ ನಕ್ಷೆ ಬಣ್ಣಬಣ್ಣವಾಗಿ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. ಕೆಟ್ಟ ಚಿತ್ರ ಕೊಟ್ಟರೂ ಸಾಫ್ಟ್‌ವೇರ್ ಬಹಳ ಸಲ ಒಂದು ನಕ್ಷೆಯನ್ನು ಕೊಟ್ಟೇ ಕೊಡುತ್ತದೆ. ಅದು ಸರಿಯೋ ತಪ್ಪೋ ಎಂದು ಬಣ್ಣ ನೋಡಿ ಹೇಳಲು ಆಗುವುದಿಲ್ಲ.

ಆದ್ದರಿಂದ ಇಲ್ಲಿ ಕ್ರಮಕ್ಕೆ ಒತ್ತು ಕೊಟ್ಟಿದ್ದೇನೆ. ಉದಾಹರಣೆಗೆ ಕಾಲೇಜು ಲ್ಯಾಬ್‌ನ ಯುಟಿಎಂನಲ್ಲಿ (ಸ್ಯಾಂಪಲ್ ಎಳೆದು ಪರೀಕ್ಷಿಸುವ ಯಂತ್ರ) ಎಳೆಯುವ ಒಂದು ಚಪ್ಪಟೆ ಅಲ್ಯೂಮಿನಿಯಂ ಸ್ಯಾಂಪಲ್ ಇಟ್ಟುಕೊಳ್ಳೋಣ. ಅಗಲ 12.5 ಮಿ.ಮೀ., ಗೇಜ್ ಉದ್ದ (ಸ್ಟ್ರೇನ್ ಅಳೆಯುವ ಭಾಗದ ಉದ್ದ) 50 ಮಿ.ಮೀ. ಎಲ್ಲ ಲೆಕ್ಕವೂ ಇದರ ಮೇಲೆಯೇ. ನಿಮ್ಮ ಸ್ಯಾಂಪಲ್ ಬೇರೆಯಾದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಒಂದೇ ಕ್ಯಾಮೆರಾ ಸಾಲದೇ?

ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಹೋದರೆ ದೂರ ಗೊತ್ತಾಗುವುದಿಲ್ಲ, ಒಂಟಿ ಕ್ಯಾಮೆರಾದ ಕಷ್ಟವೂ ಅದೇ. ಕ್ಯಾಮೆರಾ 500 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಗ್ರಿಪ್ ಬಿಗಿಯಾಗುವಾಗ ಸ್ಯಾಂಪಲ್ ಬರೀ ಅರ್ಧ ಮಿ.ಮೀ. ಮುಂದಕ್ಕೆ ಬಂತು. ಚಿತ್ರ ಅಷ್ಟು ದೊಡ್ಡದಾಗಿ ಕಾಣುತ್ತದೆ. 500ರಲ್ಲಿ 0.5 ಅಂದರೆ 0.1 ಶೇಕಡ, ಅಂದರೆ 1000 ಮೈಕ್ರೋಸ್ಟ್ರೇನ್ (ಒಂದು ಮೈಕ್ರೋಸ್ಟ್ರೇನ್ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ). ಅಲ್ಯೂಮಿನಿಯಂನಲ್ಲಿ ನಿಜವಾಗಿ ಅಷ್ಟು ಸ್ಟ್ರೇನ್ ಬರಲು ಸುಮಾರು 70 ಎಂಪಿಎ ಸ್ಟ್ರೆಸ್ ಬೇಕು. ಇಲ್ಲಿ ಲೋಡ್ ಸೊನ್ನೆ!

ಎರಡು ಕ್ಯಾಮೆರಾ ಇದ್ದರೆ ಪ್ರತಿ ಬಿಂದುವಿನ ದೂರವೂ ಸಿಗುತ್ತದೆ, ಈ ಸುಳ್ಳು ಸ್ಟ್ರೇನ್ ಕಳಚಿಹೋಗುತ್ತದೆ. ಬಾಗುವ, ಉಬ್ಬುವ, ತಿರುಚುವ ಯಾವುದೇ ವಸ್ತುವಿಗೆ ಎರಡು ಕ್ಯಾಮೆರಾ ಬೇಕೇ ಬೇಕು.

## ಹಂತ 1: ಮೊದಲು ಕಾಗದದ ಮೇಲೆ ಲೆಕ್ಕ

ಪೇಂಟ್ ಡಬ್ಬಿ ಮುಟ್ಟುವ ಮೊದಲು ಒಂದು ಪಿಕ್ಸೆಲ್ ಅಂದರೆ ಎಷ್ಟು ಮಿ.ಮೀ. ಎಂದು ಗೊತ್ತಿರಬೇಕು. ಇದನ್ನು ಬಿಟ್ಟವರ ಚುಕ್ಕೆಗಳು ಒಂದೋ ತೀರಾ ಸಣ್ಣ, ಇಲ್ಲವೇ ತೀರಾ ದೊಡ್ಡ.

ಕ್ಯಾಮೆರಾ 2448 × 2048 ಪಿಕ್ಸೆಲ್ ಇದೆ ಎನ್ನಿ. ಅದನ್ನು 90 ಡಿಗ್ರಿ ತಿರುಗಿಸಿ, ಉದ್ದದ ಬದಿ ಸ್ಯಾಂಪಲ್‌ನ ಉದ್ದಕ್ಕೆ ಸರಿಯಾಗಿ ಬರಲಿ. ಬಹಳ ಜನ ಇದನ್ನು ಮಾಡದೆ ಅರ್ಧ ಚಿತ್ರವನ್ನು ಖಾಲಿ ಗೋಡೆಗೆ ಕೊಟ್ಟುಬಿಡುತ್ತಾರೆ. 50 ಮಿ.ಮೀ. ಗೇಜ್ ಜೊತೆಗೆ ಎಳೆದಾಗ ಹಿಗ್ಗುವ ಜಾಗ ಸೇರಿಸಿ 75 ಮಿ.ಮೀ. ನೋಟ ಇಟ್ಟುಕೊಳ್ಳಿ. 75 ಅನ್ನು 2448ರಿಂದ ಭಾಗಿಸಿದರೆ ಪಿಕ್ಸೆಲ್‌ಗೆ ಸುಮಾರು 0.03 ಮಿ.ಮೀ.

ಒಂದು ಚುಕ್ಕೆ 3 ರಿಂದ 5 ಪಿಕ್ಸೆಲ್ ಅಗಲ ಇರಬೇಕು. ಹಾಗಾಗಿ ನಮಗೆ ಬೇಕಾದ ಚುಕ್ಕೆ 0.09 ರಿಂದ 0.15 ಮಿ.ಮೀ. ಇದೇ ಕ್ಯಾಮೆರಾದಲ್ಲಿ ಒಂದು ಮೀಟರ್ ಉದ್ದದ ಕಾಂಕ್ರೀಟ್ ಬೀಮ್ ನೋಡುವುದಾದರೆ ಚುಕ್ಕೆ 1.2 ರಿಂದ 2 ಮಿ.ಮೀ. ಆಗಬೇಕು. ಎರಡಕ್ಕೂ ಒಂದೇ ಸ್ಪ್ರೇ ಸಾಲುವುದಿಲ್ಲ, ಅಲ್ವಾ?

ಲೆನ್ಸ್ ಲೆಕ್ಕವೂ ಇಲ್ಲೇ ಮುಗಿಸಿ. ಪಿಕ್ಸೆಲ್ ಗಾತ್ರ 3.45 ಮೈಕ್ರಾನ್ ಇರುವ ಸೆನ್ಸರ್‌ನ ಉದ್ದ 8.45 ಮಿ.ಮೀ. 50 ಮಿ.ಮೀ. ಲೆನ್ಸ್ ಹಾಕಿದರೆ 75 ಮಿ.ಮೀ. ನೋಟಕ್ಕೆ ಕ್ಯಾಮೆರಾ ಸುಮಾರು ಅರ್ಧ ಮೀಟರ್ ದೂರ ನಿಲ್ಲಬೇಕು. ಯುಟಿಎಂನ ಕಂಬಗಳ ಮಧ್ಯೆ ಅಷ್ಟು ಜಾಗ ಇದೆಯೇ ಎಂದು ಟೇಪ್ ಹಿಡಿದು ಈಗಲೇ ನೋಡಿ.

## ಹಂತ 2: ಬೇಕಾದ ಸಾಮಾನು

- ಒಂದೇ ಮಾದರಿಯ ಎರಡು ಮೊನೊಕ್ರೋಮ್ ಕ್ಯಾಮೆರಾ, ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದು) ಇರುವಂಥವು
- ಒಂದೇ ಮಾದರಿಯ ಎರಡು ಲೆನ್ಸ್. ಝೂಮ್ ಬೇಡ, ಫೋಕಸ್ ಮತ್ತು ಅಪರ್ಚರ್‌ಗೆ (ಲೆನ್ಸ್‌ನಲ್ಲಿ ಬೆಳಕು ಬರುವ ತೂತು) ಲಾಕ್ ಸ್ಕ್ರೂ ಇರಲಿ
- ಎರಡೂ ಕ್ಯಾಮೆರಾ ಕೂರಿಸಲು ಗಟ್ಟಿಯಾದ ಒಂದೇ ಅಲ್ಯೂಮಿನಿಯಂ ಬಾರ್, ಭಾರದ ಟ್ರೈಪಾಡ್
- ಟ್ರಿಗರ್ ಕೇಬಲ್, ಡಿಸಿ ಎಲ್‌ಇಡಿ ದೀಪ ಎರಡು
- ಚುಕ್ಕೆ ಅಥವಾ ಚೆಕರ್‌ಬೋರ್ಡ್ ಇರುವ ಚಪ್ಪಟೆ ಕ್ಯಾಲಿಬ್ರೇಶನ್ ಪ್ಲೇಟ್
- ಮ್ಯಾಟ್ ಬಿಳಿ ಮತ್ತು ಮ್ಯಾಟ್ ಕಪ್ಪು ಸ್ಪ್ರೇ ಪೇಂಟ್, ಸಣ್ಣ ಚುಕ್ಕೆಗೆ ಏರ್‌ಬ್ರಶ್

ಎರಡು ಮೊಬೈಲ್ ಸಾಕಾಗುತ್ತದೆಯೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಸ್ಟ್ರೇನ್ ಅಳೆಯಲು ಸಾಕಾಗುವುದಿಲ್ಲ. ಮೊಬೈಲ್‌ನಲ್ಲಿ ಫೋಕಸ್ ತಾನಾಗಿಯೇ ಬದಲಾಗುತ್ತದೆ, ಕೈ ನಡುಕ ತಡೆಯಲು ಲೆನ್ಸ್ ಒಳಗೇ ಅಲ್ಲಾಡುತ್ತದೆ, ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ನಾವು ಹುಡುಕುತ್ತಿರುವುದು ಪಿಕ್ಸೆಲ್‌ನ ನೂರನೇ ಒಂದು ಭಾಗ. ಅಲ್ಲಾಡುವ ಲೆನ್ಸ್ ಇಟ್ಟುಕೊಂಡು ಅದು ಸಿಗುವುದಿಲ್ಲ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲದಿದ್ದರೆ ನಿಲ್ಲಬೇಡಿ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ಡೈಸ್ ಉಚಿತ. ಮ್ಯಾಟ್‌ಲ್ಯಾಬ್ ಇದ್ದವರಿಗೆ ಎರಡು ಕ್ಯಾಮೆರಾಗೆ ಡ್ಯೂಓಡಿಐಸಿ, ಹಲವು ಕ್ಯಾಮೆರಾಗೆ ಮಲ್ಟಿಡಿಐಸಿ ಉಚಿತವಾಗಿ ಸಿಗುತ್ತವೆ.

## ಹಂತ 3: ಚುಕ್ಕೆ ಹಾಕುವುದು

ಕೆಲಸದ ಅರ್ಧ ಪಾಲು ಇದೇ. ಆತುರ ಬೇಡ.

ಮೇಲ್ಮೈಯನ್ನು ಎಮರಿ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ. ಎಣ್ಣೆ ಜಿಡ್ಡು ಉಳಿದರೆ ಪೇಂಟ್ ಅಲ್ಲೇ ಎದ್ದು ಬರುತ್ತದೆ. ಸ್ಯಾಂಪಲ್ ಪ್ಲಾಸ್ಟಿಕ್ ಆದರೆ ಅಸಿಟೋನ್ ಮುಟ್ಟಿಸಬೇಡಿ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ಇಂಥವು ಅದರಿಂದ ಹಾಳಾಗುತ್ತವೆ. ಸಾಬೂನು ನೀರು ಸಾಕು.

ಬಿಳಿ ಪೇಂಟ್ ತೆಳ್ಳಗೆ ಎರಡು ಸಲ ಹೊಡೆಯಿರಿ. ದಪ್ಪ ಪದರ ಬಿರುಕು ಬಿಟ್ಟರೆ ನೀವು ಅಳೆಯುವುದು ಲೋಹವನ್ನಲ್ಲ, ಪೇಂಟನ್ನು. ಒಣಗಿದ ಮೇಲೆ ಸ್ಯಾಂಪಲ್ ಅನ್ನು ಮೇಜಿನ ಮೇಲೆ ಮಲಗಿಸಿ. ಕಪ್ಪು ಸ್ಪ್ರೇಯನ್ನು ದೂರದಿಂದ, ಸ್ಯಾಂಪಲ್‌ಗೆ ಗುರಿಯಿಡದೆ, ಅದರ ಮೇಲಿನ ಗಾಳಿಗೆ ಹೊಡೆಯಿರಿ. ತುಂತುರು ತಾನಾಗಿ ಕೆಳಗಿಳಿದು ಕೂರಲಿ. ನಳಿಕೆ ಒತ್ತಿದ ಮೊದಲ ಕ್ಷಣ ದಪ್ಪ ಹನಿ ಬರುತ್ತದೆ, ಅದು ಪಕ್ಕದ ಕಾಗದದ ಮೇಲೆ ಬೀಳುವಂತೆ ನೋಡಿಕೊಳ್ಳಿ. ಕೊನೆಗೆ ಕಪ್ಪು ಮತ್ತು ಬಿಳಿ ಹೆಚ್ಚುಕಡಿಮೆ ಅರ್ಧರ್ಧ ಇರಬೇಕು. ಬಿಳಿ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಸಾಲದು. ಈ ಒಂದು ತಪ್ಪು ಎಲ್ಲಕ್ಕಿಂತ ಜಾಸ್ತಿ ಕಾಣಸಿಗುತ್ತದೆ.

ಕಾಂಕ್ರೀಟ್ ಬೀಮ್‌ನಂಥ ದೊಡ್ಡ ವಸ್ತುವಿಗೆ ಸ್ಪ್ರೇ ಬೇಡ. ಮಾರ್ಕರ್ ಪೆನ್, ಅಚ್ಚು ಅಥವಾ ತೂತು ಕತ್ತರಿಸಿದ ಸ್ಟೆನ್ಸಿಲ್ ಬಳಸಿ. ಚುಕ್ಕೆಗಳು ಸಾಲಾಗಿ ಬರದಿರಲಿ. ಒಂದೇ ನಮೂನೆ ಮತ್ತೆ ಮತ್ತೆ ಬಂದರೆ ಸಾಫ್ಟ್‌ವೇರ್ ಒಂದು ಚುಕ್ಕೆಯನ್ನು ಪಕ್ಕದ ಚುಕ್ಕೆ ಎಂದು ತಪ್ಪಾಗಿ ಗುರುತಿಸುತ್ತದೆ. ಕಪ್ಪು ರಬ್ಬರ್ ಆದರೆ ಬಿಳಿ ಪದರವೇ ಬೇಡ, ನೇರವಾಗಿ ಬಿಳಿ ಚುಕ್ಕೆ ಹಾಕಿ. ರಬ್ಬರ್ ಹಿಗ್ಗಿದಷ್ಟು ಪೇಂಟ್ ಪದರ ಹಿಗ್ಗುವುದಿಲ್ಲ, ಬಿಡಿ ಚುಕ್ಕೆಗಳಿಗೆ ಆ ತೊಂದರೆ ಕಡಿಮೆ.

ಪರೀಕ್ಷಿಸಿ: ಅದೇ ಕ್ಯಾಮೆರಾದಿಂದ ಒಂದು ಚಿತ್ರ ತೆಗೆದು, ಇಮೇಜ್‌ಜೆ ಎಂಬ ಚಿತ್ರ ನೋಡುವ ಸಾಫ್ಟ್‌ವೇರ್‌ನಲ್ಲಿ ಪಿಕ್ಸೆಲ್ ಚೌಕ ಕಾಣುವಷ್ಟು ಹಿಗ್ಗಿಸಿ, ಚುಕ್ಕೆಗಳ ಅಗಲ ಎಣಿಸಿ. ಒಂದೆರಡು ಪಿಕ್ಸೆಲ್ ಮಾತ್ರ ಇದ್ದರೆ ಪೇಂಟ್ ಒರೆಸಿ ಮತ್ತೆ ಶುರು ಮಾಡಿ. ಬೇಜಾರಾಗುತ್ತದೆ ನಿಜ, ಆದರೆ ಚುಕ್ಕೆ ತೀರಾ ಸಣ್ಣದಾದರೆ ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದನ್ನು ಸರಿಪಡಿಸಲು ಆಗದು.

ಎಚ್ಚರ: ಜಾಸ್ತಿ ಹಿಗ್ಗುವ ಪರೀಕ್ಷೆಯಾದರೆ ಪೇಂಟ್ ಮಾಡಿದ ದಿನವೇ ಎಳೆಯಿರಿ. ದಿನ ಕಳೆದಂತೆ ಪೇಂಟ್ ಗಡುಸಾಗಿ, ಎಳೆದಾಗ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ.

## ಹಂತ 4: ಕ್ಯಾಮೆರಾ ಕೂರಿಸುವುದು

ಎರಡು ಕ್ಯಾಮೆರಾಗಳ ನಡುವಿನ ಕೋನ 15 ರಿಂದ 35 ಡಿಗ್ರಿ ಒಳಗಿರಲಿ. ನಮ್ಮ ಉದಾಹರಣೆಗೆ 25 ಡಿಗ್ರಿ ಚೆನ್ನಾಗಿ ಹೊಂದುತ್ತದೆ. ಅರ್ಧ ಮೀಟರ್ ದೂರಕ್ಕೆ ಕ್ಯಾಮೆರಾಗಳ ನಡುವೆ ಸುಮಾರು 22 ಸೆಂ.ಮೀ. ಅಂತರ ಬರುತ್ತದೆ.

ಕೋನ ಯಾಕೆ ಮುಖ್ಯ? 25 ಡಿಗ್ರಿಯಲ್ಲಿ ಮುಂದೆ ಹಿಂದೆ ಚಲಿಸುವುದನ್ನು ಅಳೆಯುವಾಗ ಬರುವ ನಾಯ್ಸ್ (ಅಳತೆಯಲ್ಲಿನ ಸುಳ್ಳು ಏರಿಳಿತ), ಅಡ್ಡಕ್ಕೆ ಚಲಿಸುವುದರಲ್ಲಿ ಬರುವುದಕ್ಕಿಂತ ಸುಮಾರು 4-5 ಪಟ್ಟು ಜಾಸ್ತಿ. 10 ಡಿಗ್ರಿಗೆ ಇಳಿಸಿದರೆ ಅದು 11 ಪಟ್ಟು ದಾಟುತ್ತದೆ. ಹಾಗೆಂದು 60 ಡಿಗ್ರಿ ಇಟ್ಟರೆ ಎರಡೂ ಚಿತ್ರಗಳಲ್ಲಿ ಚುಕ್ಕೆಗಳು ಬೇರೆ ಬೇರೆ ಆಕಾರದಲ್ಲಿ ಕಾಣುತ್ತವೆ, ಹೊಂದಿಸುವುದು ಕಷ್ಟವಾಗುತ್ತದೆ.

ಟ್ರೈಪಾಡನ್ನು ಯುಟಿಎಂನ ಚೌಕಟ್ಟಿಗೆ ತಾಗಿಸಬೇಡಿ. ಹೈಡ್ರಾಲಿಕ್ ಪಂಪ್‌ನ ನಡುಕ ನೇರ ಚಿತ್ರಕ್ಕೆ ಬರುತ್ತದೆ. ಕೇಬಲ್‌ಗಳನ್ನು ಬಾರ್‌ಗೆ ಕಟ್ಟಿ, ಜೋತಾಡುವ ಕೇಬಲ್ ಕ್ಯಾಮೆರಾವನ್ನು ಮೆಲ್ಲಗೆ ಎಳೆಯುತ್ತಿರುತ್ತದೆ. ಕ್ಯಾಮೆರಾ ಆನ್ ಮಾಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಬಿಸಿಯೇರುವಾಗ ಅದರ ಒಳಗಿನ ಭಾಗಗಳು ಹಿಗ್ಗುತ್ತವೆ, ಚಿತ್ರ ಸರಿಯುತ್ತದೆ.

## ಹಂತ 5: ಫೋಕಸ್ ಮತ್ತು ಬೆಳಕು

ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ. ಆಗ ಸಣ್ಣ ತಪ್ಪೂ ಕಣ್ಣಿಗೆ ಕಾಣುತ್ತದೆ. ಫೋಕಸ್ ಸ್ಕ್ರೂ ಬಿಗಿ ಮಾಡಿ, ಆಮೇಲೆ ಅಪರ್ಚರ್ ಅನ್ನು ಎಫ್ 8ಕ್ಕೆ ತಂದು ಅದನ್ನೂ ಬಿಗಿ ಮಾಡಿ. ನಮ್ಮ ಲೆಕ್ಕದಲ್ಲಿ ಎಫ್ 8ಕ್ಕೆ ಸುಮಾರು 5 ಮಿ.ಮೀ. ಆಳದವರೆಗೆ ಚಿತ್ರ ಚೂಪಾಗಿರುತ್ತದೆ, ಚಪ್ಪಟೆ ಸ್ಯಾಂಪಲ್‌ಗೆ ಅದು ಸಾಕು. ಇನ್ನೂ ಆಳ ಬೇಕೆಂದು ಎಫ್ 16ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ತೂತಿನಲ್ಲಿ ಬೆಳಕು ಹರಡುವುದು) ಇಡೀ ಚಿತ್ರವೇ ಮಸುಕಾಗುತ್ತದೆ.

ಎಕ್ಸ್‌ಪೋಶರ್ ಹೊಂದಿಸುವಾಗ ಹಿಸ್ಟೋಗ್ರಾಂ ನೋಡಿ. 8 ಬಿಟ್ ಚಿತ್ರದಲ್ಲಿ ಯಾವ ಪಿಕ್ಸೆಲ್ಲೂ 255 ಮುಟ್ಟಬಾರದು. ಮುಟ್ಟಿದ ಕಡೆ ಮಾಹಿತಿ ಇಲ್ಲ ಎಂದೇ ಅರ್ಥ. ಕಪ್ಪು ಬಿಳಿ ನಡುವೆ ಕನಿಷ್ಠ 50 ಹಂತದ ಅಂತರ ಇರಲಿ, 100 ಇದ್ದರೆ ಇನ್ನೂ ಒಳ್ಳೆಯದು. ಎರಡೂ ಕ್ಯಾಮೆರಾಗಳಲ್ಲಿ ಬೆಳಕು ಒಂದೇ ಥರ ಕಾಣಬೇಕು.

ಎಕ್ಸ್‌ಪೋಶರ್ ಸಮಯಕ್ಕೆ ಒಂದು ಮಿತಿ ಇದೆ. ಯುಟಿಎಂ ನಿಮಿಷಕ್ಕೆ 2 ಮಿ.ಮೀ. ಎಳೆದರೆ ಚಿತ್ರ ಸೆಕೆಂಡಿಗೆ ಸುಮಾರು 1 ಪಿಕ್ಸೆಲ್ ಸರಿಯುತ್ತದೆ. 10 ಮಿಲಿಸೆಕೆಂಡ್ ಇಟ್ಟರೆ ಮಸುಕು ಪಿಕ್ಸೆಲ್‌ನ ನೂರನೇ ಒಂದು ಭಾಗ, ಪರವಾಗಿಲ್ಲ. ಮಾಮೂಲಿ ಟ್ಯೂಬ್‌ಲೈಟ್ ಬೆಳಕು ನಂಬಿಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ.

ಲೋಹದ ಹೊಳಪು ಒಂದು ಕ್ಯಾಮೆರಾದಲ್ಲಿ ಮಾತ್ರ ಕಂಡರೆ ದೀಪದ ಜಾಗ ಬದಲಿಸಿ. ಆಗಲೂ ಹೋಗದಿದ್ದರೆ ದೀಪದ ಮುಂದೆ ಒಂದು ಪೋಲರೈಸರ್ ಹಾಳೆ, ಲೆನ್ಸ್ ಮೇಲೆ ಅದಕ್ಕೆ 90 ಡಿಗ್ರಿ ತಿರುಗಿಸಿದ ಫಿಲ್ಟರ್ ಹಾಕಿ.

## ಹಂತ 6: ಕ್ಯಾಲಿಬ್ರೇಶನ್

ಫೋಕಸ್ ಲಾಕ್ ಆದ ಮೇಲೆಯೇ ಕ್ಯಾಲಿಬ್ರೇಶನ್. ಹಿಂದುಮುಂದಾದರೆ ಮಾಡಿದ್ದೆಲ್ಲ ವ್ಯರ್ಥ.

ಸ್ಯಾಂಪಲ್ ತೆಗೆದು, ಅದೇ ಜಾಗದಲ್ಲಿ ಪ್ಲೇಟ್ ಹಿಡಿಯಿರಿ. ಪ್ಲೇಟ್ ಚಿತ್ರದ ಬಹುಪಾಲು ತುಂಬುವಷ್ಟು ದೊಡ್ಡದಿರಲಿ. 30-40 ಜೋಡಿ ಚಿತ್ರ ತೆಗೆಯಿರಿ. ಪ್ಲೇಟನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಓರೆ ಮಾಡಿ, ಚಕ್ರದಂತೆ ತಿರುಗಿಸಿ, ಸ್ವಲ್ಪ ಮುಂದೆ ಹಿಂದೆ ಸರಿಸಿ. ಚಿತ್ರದ ಮೂಲೆಗಳಿಗೂ ಪ್ಲೇಟ್ ತಲುಪಲಿ. ನೇರವಾಗಿ ಹಿಡಿದ ಹತ್ತು ಚಿತ್ರ ಮಾತ್ರ ಕೊಟ್ಟರೆ ದೂರ ಮತ್ತು ಫೋಕಲ್ ಉದ್ದ ಎರಡನ್ನೂ ಬಿಡಿಸಿ ಹೇಳಲು ಸಾಫ್ಟ್‌ವೇರ್‌ಗೆ ಆಗುವುದಿಲ್ಲ. ಓರೆ ಚಿತ್ರಗಳಿಂದಲೇ ಅದು ಗೊತ್ತಾಗುವುದು.

ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿದ ಪ್ಲೇಟ್ ಬಾಗುತ್ತದೆ. ಕನಿಷ್ಠ ದಪ್ಪ ಗಾಜಿಗೆ ಅಂಟಿಸಿ. ಪ್ರಿಂಟರ್ ಅಳತೆಯನ್ನೂ ನಂಬಬೇಡಿ, ಹತ್ತು ಚುಕ್ಕೆಗಳ ಅಂತರವನ್ನು ವರ್ನಿಯರ್‌ನಿಂದ ಅಳೆದು ಹಾಕಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಈ ಅಂತರ ಎಲ್ಲ ಕಡೆ 1 ಶೇಕಡ ತಪ್ಪಿದ್ದರೆ ಸ್ಥಾನಪಲ್ಲಟವೂ 1 ಶೇಕಡ ತಪ್ಪುತ್ತದೆ, ಆದರೆ ಸ್ಟ್ರೇನ್ ಸರಿಯಾಗಿಯೇ ಬರುತ್ತದೆ, ಅದು ಅನುಪಾತ ತಾನೇ. ಆದ್ದರಿಂದ ಸ್ಟ್ರೇನ್ ಸರಿ ಬಂತೆಂದು ಸ್ಥಾನಪಲ್ಲಟವನ್ನೂ ನಂಬಿಬಿಡಬೇಡಿ.

ಕ್ಯಾಲಿಬ್ರೇಶನ್ ದೋಷ 0.05 ಪಿಕ್ಸೆಲ್ ಸುತ್ತಮುತ್ತ ಬಂದರೆ ಒಳ್ಳೆಯದು. ಲೆಕ್ಕ ಹಾಕುವ ರೀತಿ ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬೇರೆ, ಹಾಗಾಗಿ ನಿಮ್ಮದರ ಕೈಪಿಡಿಯ ಮಿತಿಯನ್ನೂ ನೋಡಿ. ಜಾಸ್ತಿ ಬಂದರೆ ಕೆಟ್ಟ ಚಿತ್ರಗಳನ್ನು ಒಂದೊಂದಾಗಿ ತೆಗೆದು ಅಂಕಿ ಇಳಿಸುವ ಅಭ್ಯಾಸ ಹಲವರಿಗಿದೆ. ಅಲ್ಲಾಡಿದ ಒಂದೆರಡು ಚಿತ್ರ ತೆಗೆಯಬಹುದು. ಹತ್ತು ಹನ್ನೆರಡು ತೆಗೆಯಬೇಕಾಗಿ ಬಂದರೆ ಸುಮ್ನೆ ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಇದಾದ ಮೇಲೆ ಲೆನ್ಸ್, ಕ್ಯಾಮೆರಾ ಮುಟ್ಟುವಂತಿಲ್ಲ. ಎರಡೂ ಇರುವ ಬಾರ್ ಒಟ್ಟಾಗಿ ಸ್ವಲ್ಪ ಸರಿದರೆ ತೊಂದರೆಯಿಲ್ಲ, ಒಂದಕ್ಕೊಂದು ಇರುವ ಸ್ಥಾನ ಬದಲಾಗಬಾರದು ಅಷ್ಟೆ.

## ಹಂತ 7: ಎಳೆಯುವ ಮೊದಲು ಸುಮ್ಮನೆ ಚಿತ್ರ ತೆಗೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇದಿಲ್ಲದ ಫಲಿತಾಂಶಕ್ಕೆ ಬೆಲೆಯೇ ಇಲ್ಲ.

ಸ್ಯಾಂಪಲ್ ಅನ್ನು ಮೇಲಿನ ಗ್ರಿಪ್‌ಗೆ ಮಾತ್ರ ಹಿಡಿಸಿ. ಲೋಡ್ ಸೊನ್ನೆ ಇರುವಾಗ ಏನೂ ಮುಟ್ಟದೆ ಹತ್ತು ಜೋಡಿ ಚಿತ್ರ ತೆಗೆಯಿರಿ. ಆಮೇಲೆ ಕ್ರಾಸ್‌ಹೆಡ್ (ಗ್ರಿಪ್ ಹೊತ್ತು ಚಲಿಸುವ ಯುಟಿಎಂನ ಭಾಗ) ಅನ್ನು ಒಂದೆರಡು ಮಿ.ಮೀ. ಸರಿಸಿ ಇನ್ನಷ್ಟು ತೆಗೆಯಿರಿ. ಸ್ಯಾಂಪಲ್ ಜರುಗಿದೆ, ಹಿಗ್ಗಿಲ್ಲ. ಇವನ್ನೆಲ್ಲ ಅಲ್ಲೇ, ಆಗಲೇ ಸಾಫ್ಟ್‌ವೇರ್‌ಗೆ ಹಾಕಿ. ಸ್ಟ್ರೇನ್ ಎಲ್ಲೆಡೆ ಸೊನ್ನೆಯ ಅಕ್ಕಪಕ್ಕ ಬರಬೇಕು. ಎಷ್ಟು ಚದುರಿದೆಯೋ ಅದೇ ನಿಮ್ಮ ನಾಯ್ಸ್. 100 ಮೈಕ್ರೋಸ್ಟ್ರೇನ್ ನಾಯ್ಸ್ ಇರುವಾಗ 80 ಮೈಕ್ರೋಸ್ಟ್ರೇನ್‌ನ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸಿ ವಿವರಣೆ ಬರೆಯುವುದು ಸರಿಯಲ್ಲ.

ಇಲ್ಲಿ ಕಾಣುವ ಲಕ್ಷಣಗಳೇ ರೋಗ ಹೇಳುತ್ತವೆ:

- ಅಂಚಿನ ಕಡೆ ಹೋದಂತೆ ಸ್ಟ್ರೇನ್ ಬಿಲ್ಲಿನಂತೆ ಏರಿದರೆ ಲೆನ್ಸ್ ಡಿಸ್ಟಾರ್ಷನ್ ಸರಿಯಾಗಿ ಕೂತಿಲ್ಲ, ಮೂಲೆಗಳಲ್ಲಿ ಪ್ಲೇಟ್ ಹಿಡಿದಿಲ್ಲ.
- ಅಲೆಅಲೆಯಾಗಿ, ಚಿತ್ರದಿಂದ ಚಿತ್ರಕ್ಕೆ ಬದಲಾದರೆ ಬಿಸಿಗಾಳಿ. ದೀಪ ದೂರ ಇಡಿ, ಸಣ್ಣ ಫ್ಯಾನ್‌ನಿಂದ ಆ ಗಾಳಿಯನ್ನು ಕದಡಿ. ಫ್ಯಾನ್ ಟ್ರೈಪಾಡ್ ತಾಗದಿರಲಿ.
- ಒಂದೇ ಜಾಗದಲ್ಲಿ ಯಾವಾಗಲೂ ನಾಯ್ಸ್ ಇದ್ದರೆ ಹೊಳಪು, ಕೊಳೆ ಅಥವಾ ಚುಕ್ಕೆ ಇಲ್ಲದ ಬಯಲು.
- ಎಪಿಪೋಲಾರ್ ದೋಷ (ಎರಡು ಕ್ಯಾಮೆರಾ ನೋಡಿದ ಒಂದೇ ಬಿಂದುವಿನ ಸ್ಥಾನಗಳು ಎಷ್ಟು ಹೊಂದುತ್ತಿಲ್ಲ ಎಂಬ ಅಂಕಿ) ಎಲ್ಲ ಕಡೆ ಏರಿದ್ದರೆ ಕ್ಯಾಲಿಬ್ರೇಶನ್ ಆದ ಮೇಲೆ ಯಾವುದೋ ಕ್ಯಾಮೆರಾ ಅಲ್ಲಾಡಿದೆ. ಮತ್ತೆ ಕ್ಯಾಲಿಬ್ರೇಟ್ ಮಾಡಿ.

## ಹಂತ 8: ಪರೀಕ್ಷೆ

ಕೆಳಗಿನ ಗ್ರಿಪ್ ಬಿಗಿ ಮಾಡುವ ಮೊದಲು ಒಂದು ಜೋಡಿ ರೆಫರೆನ್ಸ್ ಚಿತ್ರ ಇರಲೇಬೇಕು. ಬಿಗಿ ಮಾಡುವಾಗಲೇ ಸ್ಯಾಂಪಲ್ ಸ್ವಲ್ಪ ಬಾಗಬಹುದು, ಅದು ಲೆಕ್ಕಕ್ಕೆ ಸಿಗಲಿ.

ಎರಡೂ ಕ್ಯಾಮೆರಾ ಒಂದೇ ಟ್ರಿಗರ್ ತಂತಿಯಿಂದ ಓಡಲಿ. ಒಂದು ಕ್ಯಾಮೆರಾ 50 ಮಿಲಿಸೆಕೆಂಡ್ ತಡವಾದರೂ ನಮ್ಮ ವೇಗದಲ್ಲಿ 0.05 ಪಿಕ್ಸೆಲ್ ವ್ಯತ್ಯಾಸ ಬರುತ್ತದೆ. ನಿಂತಾಗ ಸರಿಯಿದ್ದ ಎಪಿಪೋಲಾರ್ ದೋಷ, ಎಳೆಯಲು ಶುರು ಮಾಡಿದೊಡನೆ ಏರಿದರೆ ಟ್ರಿಗರ್ ಮೇಲೆ ಅನುಮಾನ ಪಡಿ.

ಲೋಡ್ ಸಂಕೇತವನ್ನು ಚಿತ್ರದ ಜೊತೆಗೇ ದಾಖಲಿಸಿ. ಆ ಸೌಲಭ್ಯ ಇಲ್ಲದಿದ್ದರೆ ಸ್ಯಾಂಪಲ್ ಮುರಿದ ಕ್ಷಣವನ್ನು ಎರಡೂ ದಾಖಲೆಯಲ್ಲಿ ಹುಡುಕಿ ಜೋಡಿಸಬಹುದು. ಡಿಸ್ಕ್ ಜಾಗವನ್ನೂ ನೋಡಿಕೊಳ್ಳಿ: ಒಂದು ಚಿತ್ರ 5 ಎಂಬಿ, ಸೆಕೆಂಡಿಗೆ 2 ಜೋಡಿಯಂತೆ 5 ನಿಮಿಷಕ್ಕೆ 1200 ಚಿತ್ರ, 6 ಜಿಬಿ. ಜೆಪೆಗ್‌ನಲ್ಲಿ ಉಳಿಸಬೇಡಿ, ಟಿಫ್‌ನಲ್ಲಿ ಉಳಿಸಿ.

## ಹಂತ 9: ಲೆಕ್ಕಾಚಾರ

ಸಬ್‌ಸೆಟ್ (ಸಾಫ್ಟ್‌ವೇರ್ ಒಮ್ಮೆಗೆ ಹೊಂದಿಸಿ ನೋಡುವ ಚಿತ್ರದ ಚೌಕ) ಒಳಗೆ ಕನಿಷ್ಠ ಮೂರು ಚುಕ್ಕೆ ಬರಬೇಕು. 4 ಪಿಕ್ಸೆಲ್ ಚುಕ್ಕೆ, ಅಷ್ಟೇ ಖಾಲಿ ಜಾಗ ಅಂದರೆ 25 ಪಿಕ್ಸೆಲ್ ಸಬ್‌ಸೆಟ್‌ನಿಂದ ಶುರು ಮಾಡಿ. ಸ್ಟೆಪ್ (ಲೆಕ್ಕ ಹಾಕುವ ಒಂದು ಬಿಂದುವಿನಿಂದ ಮುಂದಿನದಕ್ಕೆ ಇರುವ ಅಂತರ) ಅದರ ಮೂರನೇ ಒಂದು ಭಾಗ, 8 ಇರಲಿ.

ಈಗ ಬರುವುದು ಸ್ಟ್ರೇನ್ ವಿಂಡೋ, ಅಂದರೆ ಒಂದು ಸ್ಟ್ರೇನ್ ಅಂಕಿಗೆ ಸಾಲಾಗಿ ಎಷ್ಟು ಬಿಂದು ಸೇರಿಸಬೇಕು ಎಂಬುದು. ನಕ್ಷೆ ನುಣ್ಣಗೆ ಕಾಣಲಿ ಎಂದು ಇದನ್ನು ಏರಿಸುತ್ತಾ ಹೋಗುವವರೇ ಜಾಸ್ತಿ. ಏರಿಸುವ ಮೊದಲು ವರ್ಚುವಲ್ ಸ್ಟ್ರೇನ್ ಗೇಜ್ ಉದ್ದ (ಒಂದು ಸ್ಟ್ರೇನ್ ಅಂಕಿ ಎಷ್ಟು ಉದ್ದದ ಸರಾಸರಿ ಎಂಬುದು) ಲೆಕ್ಕ ಹಾಕಿ: ವಿಂಡೋದಿಂದ 1 ಕಳೆದು, ಸ್ಟೆಪ್‌ನಿಂದ ಗುಣಿಸಿ, ಸಬ್‌ಸೆಟ್ ಕೂಡಿಸಿ. ವಿಂಡೋ 5 ಇದ್ದರೆ 57 ಪಿಕ್ಸೆಲ್, ಸುಮಾರು 1.7 ಮಿ.ಮೀ. ವಿಂಡೋ 15 ಮಾಡಿದರೆ 137 ಪಿಕ್ಸೆಲ್, 4.2 ಮಿ.ಮೀ. ಸ್ಯಾಂಪಲ್‌ನ ಅಗಲದ ಮೂರನೇ ಒಂದು ಭಾಗದ ಮೇಲೆ ಸರಾಸರಿ ತೆಗೆದ ಹಾಗಾಯಿತು. ನೆಕ್ ಆಗುವ (ಮುರಿಯುವ ಮೊದಲು ಕಿರಿದಾಗುವ) ಜಾಗದ ನಿಜವಾದ ಗರಿಷ್ಠ ಸ್ಟ್ರೇನ್ ಅದರಲ್ಲಿ ಕರಗಿಹೋಗುತ್ತದೆ. ಮೂರು ನಾಲ್ಕು ವಿಂಡೋ ಗಾತ್ರದಲ್ಲಿ ಲೆಕ್ಕ ಮಾಡಿ, ಗರಿಷ್ಠ ಸ್ಟ್ರೇನ್ ಬದಲಾಗುವುದು ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಆ ಗರಿಷ್ಠ ಅಂಕಿ ವಸ್ತುವಿನದ್ದಲ್ಲ, ನಿಮ್ಮ ವಿಂಡೋದ್ದು.

ಯಂಗ್ ಮಾಡ್ಯುಲಸ್ (ಸ್ಟ್ರೆಸ್‌ಗೂ ಸ್ಟ್ರೇನ್‌ಗೂ ಇರುವ ಅನುಪಾತ) ಬೇಕೆಂದರೆ ನಕ್ಷೆಯ ಒಂದು ಬಿಂದುವಿನಿಂದ ತೆಗೆಯಬೇಡಿ. ಗೇಜ್‌ನ ಎರಡು ತುದಿಯ ನಡುವೆ ವರ್ಚುವಲ್ ಎಕ್ಸ್‌ಟೆನ್ಸೋಮೀಟರ್ (ಎರಡು ಬಿಂದುಗಳ ನಡುವಿನ ದೂರ ಎಷ್ಟು ಹಿಗ್ಗಿತು ಎಂದು ನೋಡುವುದು) ಇಡಿ. ಬಿಂದುಗಳು 1600 ಪಿಕ್ಸೆಲ್ ದೂರ ಇದ್ದು, ಪ್ರತಿಯೊಂದರಲ್ಲೂ 0.02 ಪಿಕ್ಸೆಲ್ ನಾಯ್ಸ್ ಇದ್ದರೂ ಸ್ಟ್ರೇನ್‌ನಲ್ಲಿ ಬರುವುದು 20 ಮೈಕ್ರೋಸ್ಟ್ರೇನ್‌ಗಿಂತ ಕಡಿಮೆ. ಅಡ್ಡ ಸ್ಟ್ರೇನ್ ಕೂಡ ತೆಗೆದು ಪಾಯ್ಸನ್ ಅನುಪಾತ (ಅಡ್ಡ ಸ್ಟ್ರೇನ್‌ಗೂ ಉದ್ದದ ಸ್ಟ್ರೇನ್‌ಗೂ ಇರುವ ಅನುಪಾತ) ನೋಡಿ. ಅಲ್ಯೂಮಿನಿಯಂಗೆ 0.33 ಹತ್ತಿರ ಬರಬೇಕು. 0.2 ಅಥವಾ 0.5 ಬಂದರೆ ಹಂತ 6ಕ್ಕೆ ವಾಪಸ್ ಹೋಗಿ.

## ಎರಡಕ್ಕಿಂತ ಹೆಚ್ಚು ಕ್ಯಾಮೆರಾ ಯಾವಾಗ?

ಪೈಪ್, ಕಾಂಕ್ರೀಟ್ ಸಿಲಿಂಡರ್, ಕೈಕಾಲುಗಳಂಥ ದುಂಡು ವಸ್ತುವಿನ ಸುತ್ತಲೂ ಅಳೆಯಬೇಕಾದಾಗ. ಅಕ್ಕಪಕ್ಕದ ಎರಡೆರಡು ಕ್ಯಾಮೆರಾ ಒಂದು ಜೋಡಿ. ಒಂದು ಜೋಡಿ ಸರಿಯಾಗಿ ನೋಡುವುದು ಸಿಲಿಂಡರ್‌ನ ಕಾಲು ಭಾಗದಷ್ಟು ಮಾತ್ರ ಎಂದು ಎಣಿಸಿ. ಅದರಾಚೆ ಮೇಲ್ಮೈ ತೀರಾ ಓರೆಯಾಗಿ ನಾಯ್ಸ್ ಏರುತ್ತದೆ. ಪಕ್ಕದ ಜೋಡಿಗಳ ನೋಟ ಒಂದರ ಮೇಲೊಂದು ಬೀಳಬೇಕು, ಇಲ್ಲದಿದ್ದರೆ ಹೊಲಿಗೆ ಕೂಡುವುದಿಲ್ಲ. ಎಲ್ಲ ಜೋಡಿಗಳೂ ಒಂದೇ ಅಕ್ಷಗಳಲ್ಲಿ ಮಾತಾಡಲು ಮಲ್ಟಿಡಿಐಸಿಯಲ್ಲಿ ಗುರುತು ಹಾಕಿದ ಒಂದು ಸಿಲಿಂಡರ್ ಅನ್ನೇ ಕ್ಯಾಲಿಬ್ರೇಶನ್‌ಗೆ ಬಳಸುತ್ತಾರೆ. ಒಂದು ಜೋಡಿಯಲ್ಲಿ ಹಂತ 7 ಸರಿಯಾಗಿ ಬರುವವರೆಗೆ ಇದಕ್ಕೆ ಕೈಹಾಕಬೇಡಿ.

## ವರದಿಯಲ್ಲಿ ಬರೆಯಬೇಕಾದ್ದು

ಕ್ಯಾಮೆರಾ ಮತ್ತು ಲೆನ್ಸ್, ದೂರ, ಕೋನ, ಪಿಕ್ಸೆಲ್‌ಗೆ ಎಷ್ಟು ಮಿ.ಮೀ., ಚುಕ್ಕೆಯ ಗಾತ್ರ, ಸಬ್‌ಸೆಟ್, ಸ್ಟೆಪ್, ವರ್ಚುವಲ್ ಗೇಜ್ ಉದ್ದ, ಹಂತ 7ರಲ್ಲಿ ಸಿಕ್ಕ ನಾಯ್ಸ್. ಇಷ್ಟು ಒಂದು ಸಣ್ಣ ಪಟ್ಟಿಯಲ್ಲಿ ಹಿಡಿಯುತ್ತದೆ. ಕ್ಯಾಲಿಬ್ರೇಶನ್ ಚಿತ್ರಗಳನ್ನು ಪರೀಕ್ಷೆಯ ಚಿತ್ರಗಳ ಜೊತೆಗೇ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಅವು ಕಳೆದುಹೋದರೆ ಉಳಿದ 6 ಜಿಬಿಯಿಂದ ಮತ್ತೆ ಲೆಕ್ಕ ಹಾಕಲು ಆಗುವುದಿಲ್ಲ.